ಕಾರ್ಡ್ ಸೆಟ್, ಕಾರ್ಟೂನ್, ತಗಡಿನ ಟ್ರಂಕು: ಈಗಿನ ಮಿಷನರಿಗಳ ಪಾಠಕ್ಕೆ ನನ್ನ ಓಟು ಟ್ರಂಕಿಗೆ

ಮೊದಲೇ ಹೇಳಿಬಿಡುತ್ತೇನೆ. ಈ ಕಾಲದ ಮಿಷನರಿಗಳ ಬಗ್ಗೆ ಮಕ್ಕಳಿಗೆ ಕಲಿಸಲು ನಾನು ಒಂದು ವರ್ಷದಲ್ಲಿ ಮೂರು ದಾರಿ ನೋಡಿದೆ. ದುಡ್ಡು ಕೊಟ್ಟು ತಂದ ಚಿತ್ರದ ಕಾರ್ಡ್ ಸೆಟ್, ಪ್ರೊಜೆಕ್ಟರಿನಲ್ಲಿ ಕಾರ್ಟೂನ್, ಕೊನೆಗೆ ನಮ್ಮ ಅಟ್ಟದಲ್ಲಿ ಬಿದ್ದಿದ್ದ ತಗಡಿನ ಟ್ರಂಕು. ಈಗ ಪ್ರತಿ ಭಾನುವಾರ ನನ್ನ ಜೊತೆ ಬರುವುದು ಟ್ರಂಕು ಮಾತ್ರ.

ನಮ್ಮದು ಮಂಗಳೂರಿನ ಸಣ್ಣ ಕ್ರೈಸ್ತ ಸಭೆ, ಅಂದರೆ ಚರ್ಚು. ಸಂಡೇ ಸ್ಕೂಲಿಗೆ ಏಳರಿಂದ ಹನ್ನೆರಡು ವರ್ಷದ 22 ಮಕ್ಕಳು ಬರುತ್ತಾರೆ. ಸಿಗುವುದು 45 ನಿಮಿಷ. ನಾನು ಕೆಲಸಕ್ಕೆ ಹೋಗುವವಳು, ತಯಾರಿ ಏನಿದ್ದರೂ ಶನಿವಾರ ರಾತ್ರಿ ಊಟದ ಮೇಲೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಯಾಕೆಂದರೆ ನನ್ನ ತೀರ್ಮಾನ ಪೂರ್ತಿ ಇದರ ಮೇಲೆ ನಿಂತಿದೆ.

ಶುರುವಾಗಿದ್ದು ಮಕ್ಕಳ ಒಂದು ಉತ್ತರದಿಂದ. ‘ಮಿಷನರಿ ಅಂದ್ರೆ ಯಾರು?’ ಎಂದು ಕೇಳಿದೆ. ‘ಕಿಟ್ಟೆಲ್’ ಅಂದರು. ‘ಈಗ ಯಾರಾದ್ರೂ ಇದ್ದಾರಾ?’ ‘ಇಲ್ಲ ಟೀಚರ್, ಎಲ್ಲ ಸತ್ತುಹೋದ್ರು.’ ಅವರ ತಪ್ಪೇನಿಲ್ಲ. ನಮ್ಮೂರಲ್ಲಿ ಈ ಮಾತು 1834ರಲ್ಲಿ ಬಂದ ಬಾಸೆಲ್ ಮಿಶನ್‌ನಿಂದ ಶುರುವಾಗುತ್ತದೆ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಗೆ ಬರುತ್ತದೆ, 1894ರ ಕಿಟ್ಟೆಲ್ ನಿಘಂಟಿನ ಹತ್ತಿರ ನಿಂತುಬಿಡುತ್ತದೆ. ಆಮೇಲಿನ ನೂರಮೂವತ್ತು ವರ್ಷದಲ್ಲಿ ಪೈಲಟ್, ನರ್ಸ್, ಭಾಷೆ ಕಲಿಯುವವರು, ಅಡುಗೆಯವರು ಎಲ್ಲರೂ ದೇವರ ಸೇವೆಯ ಕರೆಗೆ ಓಗೊಟ್ಟು ಹೋಗಿದ್ದಾರೆ. ನಮ್ಮ ಮಕ್ಕಳಿಗೆ ಅದು ಗೊತ್ತೇ ಇಲ್ಲ.

ಹಾಗಾಗಿ ಕಾರ್ಡ್ ಸೆಟ್ ತಗೊಂಡೆ. ವಿದೇಶದ್ದು, ಇಂಗ್ಲಿಷಿನಲ್ಲಿದೆ. ಆನ್‌ಲೈನಿನಲ್ಲಿ 850 ರೂಪಾಯಿ ಕೊಟ್ಟರೆ ಫೈಲ್ ಬರುತ್ತದೆ, ಪ್ರಿಂಟ್ ನಾವೇ ಹಾಕಿಸಿಕೊಳ್ಳಬೇಕು. ಐದು ಕಥೆ, 60 ಕಾರ್ಡು. ಕಲರ್ ಪ್ರಿಂಟು, ಲ್ಯಾಮಿನೇಷನ್ ಸೇರಿ ಇನ್ನೂ 1,720 ರೂಪಾಯಿ. ನೋಡಲು ತುಂಬ ಚೆನ್ನಾಗಿತ್ತು. ತೊಂದರೆ ಗೊತ್ತಾಗಿದ್ದು ಮಕ್ಕಳ ಮುಂದೆ ನಿಂತಾಗಲೇ.

ಕಾರ್ಡ್ ಹಿಡಿದು ಕಥೆ ಹೇಳಿದವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಎಲ್ಲ ಕಾರ್ಡನ್ನೂ ಒಂದೇ ಕಟ್ಟಾಗಿ ಎದೆಯ ಹತ್ತಿರ ಹಿಡಿದಿರುತ್ತೇವೆ. ಮಕ್ಕಳಿಗೆ ಕಾಣುವುದು ಎಲ್ಲಕ್ಕಿಂತ ಮುಂದಿರುವ ಚಿತ್ರ. ನಮಗೆ ಕಾಣುವುದು ಎಲ್ಲಕ್ಕಿಂತ ಹಿಂದಿರುವ ಕಾರ್ಡಿನ ಬೆನ್ನು. ಒಂದನೇ ಕಾರ್ಡ್ ತೆಗೆದು ಹಿಂದಕ್ಕೆ ಹಾಕಿದರೆ ಅದರ ಬೆನ್ನು ನಮ್ಮ ಕಣ್ಣೆದುರು ಬರುತ್ತದೆ. ಅದೇ ಹೊತ್ತಿಗೆ ಮಕ್ಕಳು ಎರಡನೇ ಚಿತ್ರ ನೋಡುತ್ತಿರುತ್ತಾರೆ. ಅಂದರೆ ಒಂದನೇ ಕಾರ್ಡಿನ ಬೆನ್ನಿನಲ್ಲಿ ಎರಡನೇ ಚಿತ್ರದ ಮಾತು ಇರಬೇಕು. ಒಂದನೇ ಚಿತ್ರದ ಮಾತು ಕೊನೇ ಕಾರ್ಡಿನ ಬೆನ್ನಿನಲ್ಲಿರಬೇಕು.

ನನ್ನ ಸೆಟ್ಟಿನಲ್ಲಿ ಯಾವ ಚಿತ್ರದ ಮಾತು ಅದೇ ಚಿತ್ರದ ಹಿಂದೆ ಇತ್ತು. ಮಕ್ಕಳ ಮುಂದೆ ವಿಮಾನದ ಚಿತ್ರ, ನನ್ನ ಮುಂದೆ ನದಿ ದಾಟುವ ಮಾತು. ಒಂದೊಂದೇ ಕಾರ್ಡ್ ಬಿಡಿಯಾಗಿ ಎತ್ತಿ ತೋರಿಸೋಣ ಎಂದರೆ ಉಳಿದವನ್ನು ಇಡಲು ಜಾಗ ಬೇಕು. ಮಡಿಲಲ್ಲಿಟ್ಟರೆ ಲ್ಯಾಮಿನೇಷನ್ ನುಣುಪಿಗೆ ಜಾರಿ ಬಿದ್ದವು. ಅದರ ಮೇಲೆ ಇಂಗ್ಲಿಷ್ ಓದಿ ಮನಸ್ಸಿನಲ್ಲೇ ಕನ್ನಡ ಮಾಡಿ ಹೇಳಬೇಕು. ಹತ್ತು ನಿಮಿಷಕ್ಕೆ ಹಿಂದಿನ ಸಾಲಿನ ಮಕ್ಕಳು ಬೇರೆ ಆಟಕ್ಕೆ ಇಳಿದರು.

ಸರಿಪಡಿಸಲು ಪಟ್ಟ ಪಾಡು ದೊಡ್ಡದು. ಎರಡು ಶನಿವಾರ ರಾತ್ರಿ ಕೂತು 60 ಚೀಟಿಗಳಲ್ಲಿ ಕನ್ನಡದಲ್ಲಿ ಮಾತು ಬರೆದೆ. ಒಂದೊಂದನ್ನೂ ಒಂದು ಕಾರ್ಡ್ ಹಿಂದಕ್ಕೆ ಸರಿಸಿ ಅಂಟಿಸಿದೆ. ಅದು ಜೂನ್ ತಿಂಗಳು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಗೋಂದು ನಿಲ್ಲುವುದೇ ಇಲ್ಲ. ಮೂರನೇ ವಾರಕ್ಕೆ ಅರ್ಧ ಚೀಟಿ ಕಿತ್ತು ಬಂದು ಚೀಲದ ತಳದಲ್ಲಿದ್ದವು. ಮಾರಿದವರಿಗೆ ಬರೆದು ಕೇಳಿದೆ. ‘ಚಿತ್ರ ಬೇರೆ, ಮಾತು ಬೇರೆ ಪ್ರಿಂಟ್ ಮಾಡಿಸಿಕೊಳ್ಳಿ’ ಎಂದು ಉತ್ತರ ಬಂತು. ಅಂದರೆ ಇನ್ನೊಮ್ಮೆ ಅಷ್ಟೇ ದುಡ್ಡು. ಸಂಡೇ ಸ್ಕೂಲಿಗೆ ವರ್ಷಕ್ಕೆ ಸಿಗುವುದು 3,000 ರೂಪಾಯಿ, ಅದರಲ್ಲಿ ಕ್ರಿಸ್ಮಸ್ ಕಾರ್ಯಕ್ರಮವೂ ಆಗಬೇಕು.

ಇಷ್ಟನ್ನೂ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಚಿತ್ರಗಳಲ್ಲಿ ಇನ್ನೊಂದು ವಿಷಯ ಇತ್ತು. ಹೆಚ್ಚುಕಡಿಮೆ ಎಲ್ಲ ಕಾರ್ಡಿನಲ್ಲೂ ಒಬ್ಬ ಬಿಳಿಯ ಮನುಷ್ಯ ನಿಂತಿದ್ದಾನೆ, ಸುತ್ತ ಕಪ್ಪು ಬಣ್ಣದ ಜನ ಕೈಚಾಚಿ ಕೂತಿದ್ದಾರೆ. ಒಂಬತ್ತು ವರ್ಷದ ಹುಡುಗಿ ಕೇಳಿದಳು: ‘ಟೀಚರ್, ಇದರಲ್ಲಿ ನಾವು ಯಾವ ಕಡೆ?’ ಆ ದಿನವೇ ಸೆಟ್ ಕಪಾಟಿಗೆ ಹೋಯಿತು.

ಕಾರ್ಟೂನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರೊಜೆಕ್ಟರ್ ಸಭೆಯದ್ದೇ, ಖರ್ಚಿಲ್ಲ, ಶನಿವಾರ ರಾತ್ರಿಯ ಕೆಲಸವೂ ಇಲ್ಲ. ಮಕ್ಕಳು ಮಿಸುಕಾಡದೆ ನೋಡಿದರು. 1956ರ ಜನವರಿ 8ರಂದು ಈಕ್ವೆಡಾರಿನ ಕಾಡಿನಲ್ಲಿ ಐವರು ಮಿಷನರಿಗಳು ಈಟಿಗೆ ಬಲಿಯಾದ ಕಥೆ ಅದು. ಮುಂದಿನ ಎರಡು ವಾರ ಹುಡುಗರು ಪೊರಕೆ ಹಿಡಿದು ಈಟಿ ಆಟ ಆಡಿದರು. ಅವರು ಯಾಕೆ ಅಲ್ಲಿಗೆ ಹೋಗಿದ್ದರು, ಅವರಲ್ಲಿ ಪೈಲಟ್ ಯಾರು ಎಂದು ಕೇಳಿದರೆ ಒಬ್ಬರಿಗೂ ನೆನಪಿರಲಿಲ್ಲ. ಪಪುವಾ ನ್ಯೂಗಿನಿಯ ಬೆಟ್ಟದ ಮೇಲೆ ಇಷ್ಟೇ ಇಷ್ಟು ಉದ್ದದ ಹುಲ್ಲಿನ ರನ್‌ವೇಯಲ್ಲಿ ಮಿಷನ್ ವಿಮಾನ ಇಳಿಯುವ ವಿಡಿಯೋ ಮಾತ್ರ ಚಿನ್ನದಂಥದ್ದು. ಎರಡು ನಿಮಿಷದ ಆ ತುಣುಕನ್ನು ಈಗಲೂ ಫೋನಿನಲ್ಲಿ ತೋರಿಸುತ್ತೇನೆ.

ಇನ್ನು ಟ್ರಂಕು. ನಮ್ಮ ಮಾವನವರ ಕಾಲದ್ದು. ಸಾಮಾನಿಗೆ ಇಲ್ಲಿಯವರೆಗೆ ಆದ ಖರ್ಚು 460 ರೂಪಾಯಿ. ಕ್ರಮ ಇಷ್ಟೇ: ವಾರಕ್ಕೆ ಒಂದು ಮಗು ಕಣ್ಣುಮುಚ್ಚಿ ಕೈಹಾಕಿ ಒಂದು ವಸ್ತು ತೆಗೆಯಬೇಕು. ‘ಇದನ್ನು ಯಾರು ಬಳಸುತ್ತಾರೆ?’ ಎಂದು ಎಲ್ಲರೂ ಊಹಿಸಬೇಕು. ಆಮೇಲೆ ಆ ವಸ್ತು ಹಿಡಿದು ದೇವರ ಸೇವೆಗೆ ಹೋದವರ ಕಥೆ.

ಮೊದಲ ವಸ್ತು ಒಂದು ಹಳೇ ಹಂಚು. ಮನೆ ಕೆಡವುವಾಗ ಸಿಕ್ಕಿದ್ದು, ಮೇಲೆ ಬಾಸೆಲ್ ಮಿಶನ್ ಹೆಸರೂ 1865 ಎಂಬ ಇಸವಿಯೂ ಇವೆ. ಮಿಷನರಿಗಳು ಹಂಚಿನ ಕಾರ್ಖಾನೆಯನ್ನೂ ನಡೆಸಿದ್ದರು ಎಂದಾಗ ಮಕ್ಕಳು ಬೆರಗಾದರು. ಬೋಧನೆ ಒಂದೇ ಅಲ್ಲ, ಬೇರೆ ಕೆಲಸಕ್ಕೂ ಕರೆ ಇರುತ್ತದೆ ಎಂಬುದು ಅಲ್ಲೇ ತಲೆಗೆ ಹೋಯಿತು.

ಎಲ್ಲರಿಗೂ ಇಷ್ಟವಾಗಿದ್ದು ಕೈಗವಸು ಮತ್ತು ಚಪ್ಪಲಿ. ದಪ್ಪ ಕೈಗವಸು ಹಾಕಿಕೊಂಡು ಕಣ್ಣುಮುಚ್ಚಿ ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಹೆಕ್ಕಬೇಕು. ಆಗಲೇ ಇಲ್ಲ. ‘ಕುಷ್ಠರೋಗದಲ್ಲಿ ಹೀಗೇ, ಕೈಗೆ ಏನೂ ಗೊತ್ತಾಗುವುದಿಲ್ಲ’ ಎಂದು ಹೇಳಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಕಥೆ ಶುರು ಮಾಡಿದೆ. ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ತಂದೆತಾಯಿಗೆ ಹುಟ್ಟಿದವರು. ಡಾಕ್ಟರಾಗುವ ಮೊದಲು ಮನೆ ಕಟ್ಟುವ ಕೆಲಸ ಕಲಿತಿದ್ದರು. 1946ರಲ್ಲಿ ವೆಲ್ಲೂರಿಗೆ ಬಂದರು. ರೋಗಿಗಳ ಬೆರಳು ತಾವಾಗಿ ಉದುರುವುದಿಲ್ಲ, ನೋವು ಗೊತ್ತಾಗದೆ ಗಾಯದ ಮೇಲೆ ಗಾಯ ಆಗುತ್ತದೆ ಎಂದು ತೋರಿಸಿಕೊಟ್ಟರು. ರಾತ್ರಿ ಮಲಗಿದ್ದಾಗ ಇಲಿ ಬಂದು ಬೆರಳು ಕಚ್ಚಿದರೂ ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕೆ ಮದ್ದು ಏನು ಗೊತ್ತಾ? ಬೆಕ್ಕು ಸಾಕುವುದು! ಈ ಕಥೆ ಮಕ್ಕಳು ಮನೆಗೆ ಹೋಗಿ ಹೇಳಿದ್ದಾರೆ, ತಾಯಂದಿರು ನನ್ನನ್ನು ಕೇಳಿದರು.

ಚಪ್ಪಲಿ ನಮ್ಮ ಅತ್ತೆಯದು. ಅವರಿಗೆ ಶುಗರ್ ಇದೆ, ಎಂಸಿಆರ್ ಚಪ್ಪಲಿ ಹಾಕುತ್ತಾರೆ. ಬ್ರ್ಯಾಂಡ್ ಮತ್ತು ಅವರ ಜೊತೆಯವರು ಕುಷ್ಠರೋಗಿಗಳ ಪಾದ ಉಳಿಸಲು ಮಾಡಿಸಿದ್ದೂ ಇಂಥ ಮೆತ್ತನೆ ರಬ್ಬರಿನ ಚಪ್ಪಲಿಯೇ. ಅದೇ ಪಾಠದಲ್ಲಿ ಡಾಕ್ಟರ್ ಮೇರಿ ವರ್ಗೀಸ್ ಅವರನ್ನೂ ಸೇರಿಸಿದೆ. ಕೇರಳದ ಹೆಣ್ಣುಮಗಳು. 1954ರಲ್ಲಿ ಅಪಘಾತವಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈ ಆಪರೇಷನ್ ಮಾಡಿದರು. ‘ನಾವು ಯಾವ ಕಡೆ’ ಎಂದು ಕೇಳಿದ ಹುಡುಗಿಗೆ ಈ ಕಥೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಖಾಲಿ ನೋಟ್‌ಬುಕ್ಕು ಬೈಬಲ್ ಅನುವಾದ ಮಾಡುವವರದ್ದು. ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಮಲಯಾಳಂ ಎಲ್ಲ ಆಡುತ್ತಾರೆ. ಪಾಪ ತೊಳೆದರೆ ಹಿಮಕ್ಕಿಂತ ಬೆಳ್ಳಗಾಗುತ್ತೇನೆ ಎಂಬ ಕೀರ್ತನೆಯ ಮಾತನ್ನು ಹಿಮ ನೋಡದ ಅಜ್ಜಿಗೆ ಮನೆಯ ಭಾಷೆಯಲ್ಲಿ ಹೇಳಿ ಎಂದೆ. ‘ಮಲ್ಲಿಗೆ ಹಾಗೆ’ ಎಂದಳು ಒಬ್ಬಳು. ‘ಮಲ್ಲಿಗೆ ಸಂಜೆಗೆ ಬಾಡ್ತದೆ’ ಎಂದ ಇನ್ನೊಬ್ಬ. ತೆಂಗಿನಕಾಯಿ ತಿರುಳು, ಹತ್ತಿ, ಕೊಕ್ಕರೆ ಎಲ್ಲ ಬಂದವು. ಅರ್ಧ ಗಂಟೆ ಜಗಳ. ಒಂದು ಮಾತಿಗೇ ಇಷ್ಟು ಹೊತ್ತಾದರೆ ಪೂರ್ತಿ ಬೈಬಲಿಗೆ ಯಾಕೆ ವರ್ಷಗಟ್ಟಲೆ ಬೇಕು ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ವಿಸಿಲ್ ಎರಿಕ್ ಲಿಡೆಲ್‌ಗೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರ ಓಡಲ್ಲ ಎಂದು 100 ಮೀಟರ್ ಬಿಟ್ಟು, 400 ಮೀಟರಿನಲ್ಲಿ ಚಿನ್ನ ಗೆದ್ದವರು. ಮರುವರ್ಷ ಚೀನಾಕ್ಕೆ ಹೋಗಿ ವಿಜ್ಞಾನದ ಮೇಷ್ಟ್ರಾದರು. 1945ರಲ್ಲಿ ಜಪಾನಿಯರ ಸೆರೆ ಶಿಬಿರದಲ್ಲಿ ತೀರಿಕೊಂಡರು. ಅಲ್ಲೂ ಮಕ್ಕಳಿಗೆ ಆಟ ಆಡಿಸುತ್ತಿದ್ದರು.

ಆಟದ ವಿಮಾನ ಬೆಟ್ಟಿ ಗ್ರೀನ್ ಅವರದ್ದು. ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸೇನೆಯ ವಿಮಾನ ಹಾರಿಸುತ್ತಿದ್ದ ಈ ಹೆಣ್ಣುಮಗಳೇ 1946ರಲ್ಲಿ ಮಿಷನ್ ಏವಿಯೇಷನ್ ಫೆಲೋಶಿಪ್‌ನ ಮೊದಲ ಹಾರಾಟ ನಡೆಸಿದ್ದು. ಈಕ್ವೆಡಾರಿನ ಕಥೆಯನ್ನೂ ಈಗ ವಿಮಾನದಿಂದಲೇ ಶುರು ಮಾಡುತ್ತೇನೆ: ಆ ಐವರಲ್ಲಿ ಪೈಲಟ್ ಆಗಿದ್ದ ನೇಟ್ ಸೇಂಟ್ ಸುತ್ತು ಹೊಡೆಯುತ್ತ ಹಗ್ಗದಲ್ಲಿ ಬಕೆಟ್ ಇಳಿಸಿ ಕೆಳಗಿನವರಿಗೆ ಉಡುಗೊರೆ ಕೊಡುತ್ತಿದ್ದದ್ದು, 1958ರಲ್ಲಿ ಅವರ ಅಕ್ಕನೂ, ಸತ್ತ ಇನ್ನೊಬ್ಬರ ಹೆಂಡತಿಯೂ ಅದೇ ಜನರ ನಡುವೆ ಹೋಗಿ ಬಾಳಿದ್ದು. ಈಟಿ ಇದೆ, ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಒಂದು ರೈಲ್ವೆ ಟಿಕೆಟ್ ಕೂಡ ಇಟ್ಟಿದ್ದೇನೆ. ಮಿಷನರಿ ಆಗಲು ಸಮುದ್ರ ದಾಟಲೇಬೇಕೆಂದಿಲ್ಲ. 1903ರಲ್ಲೇ ತಿರುನೆಲ್ವೇಲಿಯ ಕ್ರೈಸ್ತರು ಸಂಘ ಕಟ್ಟಿ, ಆಮೇಲೆ ತಮ್ಮದೇ ದುಡ್ಡಿನಲ್ಲಿ ತಮ್ಮವರನ್ನೇ ತೆಲುಗು ನಾಡಿಗೆ ಕಳಿಸಿದರು.

ಟ್ರಂಕಿನ ಕೊರತೆಯೂ ಇದೆ. ಓದಿ ಹೇಳಲು ಕಾಗದ ಇಲ್ಲ, ಕಥೆ ಬಾಯಲ್ಲಿರಬೇಕು. ನನಗೆ ಕಥೆ ಹೇಳಿ ಅಭ್ಯಾಸ ಇದೆ. ಇಲ್ಲದವರಿಗೆ ಮೊದಲ ಎರಡು ತಿಂಗಳು ಕಷ್ಟ. ಮಳೆಗಾಲದಲ್ಲಿ ತುಕ್ಕು ಬೇರೆ.

ಒಮ್ಮೆ ಮಿಷನ್ ಆಸ್ಪತ್ರೆಯಿಂದ ನಿವೃತ್ತರಾದ ಸಿಸ್ಟರ್ ಒಬ್ಬರನ್ನು ಕರೆಸಿದ್ದೆವು. ವರ್ಷದ ಅತಿ ಒಳ್ಳೆಯ ಭಾನುವಾರ ಅದೇ. ಆದರೆ ಅಂಥವರು ವಾರವಾರ ಸಿಗುವುದಿಲ್ಲ.

ಒಂದು ವಿಷಯಕ್ಕೆ ಯಾವ ಕಾರ್ಡೂ ಟ್ರಂಕೂ ಸಾಲದು. ಹನ್ನೆರಡರ ಹುಡುಗನೊಬ್ಬ ಬಂದು, ‘ಮಿಷನರಿ ಅಂದ್ರೆ ಮತಾಂತರ ಮಾಡೋರು ಅಂತ ಕ್ಲಾಸಲ್ಲಿ ಹೇಳ್ತಾರೆ’ ಅಂದ. ನಾನು ಮುಚ್ಚಿಡಲಿಲ್ಲ. ಯೇಸುವಿನ ಬಗ್ಗೆ ಹೇಳಲೆಂದೇ ಅವರು ಹೋಗುತ್ತಾರೆ, ಅದು ಸುಳ್ಳಲ್ಲ. ಒತ್ತಾಯ ಮಾಡುವುದು, ಆಸೆ ತೋರಿಸುವುದು ತಪ್ಪು, ಯಾರು ಮಾಡಿದರೂ ತಪ್ಪು ಎಂದೆ. ದೊಡ್ಡ ಮಕ್ಕಳಿಗೆ ಮಾತ್ರ ಒಡಿಶಾದ ಗ್ರಹಾಂ ಸ್ಟೇನ್ಸ್ ಅವರ ಬಗ್ಗೆ ಹೇಳಿದೆ. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದವರು. 1999ರ ಜನವರಿಯಲ್ಲಿ ಅವರನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಎಂದರು, ಆ ಕೆಲಸ ಬಿಡಲಿಲ್ಲ. ಈ ಕಥೆಗೆ ಟ್ರಂಕಿನಲ್ಲಿ ವಸ್ತು ಇಟ್ಟಿಲ್ಲ, ಇಡುವುದೂ ಇಲ್ಲ.

ನಿಮ್ಮಲ್ಲಿ ಕಲರ್ ಪ್ರಿಂಟರ್ ಇದ್ದು, ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಕಾರ್ಡ್ ಸೆಟ್ ನೋಡಬಹುದು. ಆದರೆ ದುಡ್ಡು ಕೊಡುವ ಮೊದಲು ಮಾತು ಯಾವ ಕಾರ್ಡಿನ ಬೆನ್ನಿನಲ್ಲಿದೆ ಎಂದು ಕೇಳಿ. ಕನ್ನಡದ ಸಂಡೇ ಸ್ಕೂಲು, ಕೈಯಲ್ಲಿ 500 ರೂಪಾಯಿ, ಶನಿವಾರ ಒಂದು ಗಂಟೆ ಎಂದಾದರೆ ಸುಮ್ನೆ ಒಂದು ಪೆಟ್ಟಿಗೆ ಹುಡುಕಿ.

ನನ್ನ ಟ್ರಂಕಿನಲ್ಲಿ ಮುಂದಿನದು ಸೌಟು. ಮರ್ಸಿ ಶಿಪ್ಸ್ ಎಂಬ ಸಂಸ್ಥೆಯ ಆಸ್ಪತ್ರೆ ಹಡಗುಗಳಲ್ಲಿ ಡಾಕ್ಟರುಗಳ ಜೊತೆ ಅಡುಗೆಯವರೂ, ಮೇಷ್ಟ್ರುಗಳೂ, ಎಲೆಕ್ಟ್ರಿಷಿಯನ್ನುಗಳೂ ಸಂಬಳ ಇಲ್ಲದೆ ದುಡಿಯುತ್ತಾರೆ. ಇದನ್ನು ಕಳೆದ ವಾರ ಬಾಯಿತಪ್ಪಿ ಮೊದಲೇ ಹೇಳಿಬಿಟ್ಟೆ. ಯಾವತ್ತೂ ಮಾತಾಡದ ಹುಡುಗ ಒಬ್ಬನಿದ್ದಾನೆ, ಅಪ್ಪ ವಯರಿಂಗ್ ಕೆಲಸದವರು. ಈ ಭಾನುವಾರ ಅಪ್ಪನ ಹಳೇ ಟೆಸ್ಟರ್ ತಂದು, ನನ್ನನ್ನು ಕೇಳದೆಯೇ ಸೌಟಿನ ಪಕ್ಕ ಇಟ್ಟ. ಹಡಗಿನಲ್ಲಿ ಕರೆಂಟು ಎಲ್ಲಿಂದ ಬರುತ್ತದೆ ಎಂದು ಅವನಿಗೆ ತಿಳಿಯಬೇಕಂತೆ. ಶನಿವಾರದೊಳಗೆ ನಾನು ಓದಿಕೊಳ್ಳಬೇಕು.