ಪ್ಲಾಸ್ಟಿಕ್ ಹೊದಿಕೆ ಹರಿಯುವ ಮುನ್ನ: ‘ಮೂವರು ಮಕ್ಕಳಿಗೂ ಒಂದೇ ಪಠ್ಯಕ್ರಮ’ ಎಂಬ ಮಾತನ್ನು ನಂಬಿ ನಾನು ಕೆಟ್ಟ ಬಗೆ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ನಿರ್ಧರಿಸಿ, ಅದಕ್ಕಾಗಿ ಕ್ರೈಸ್ತ ಪಠ್ಯಕ್ರಮವೊಂದನ್ನು ತರಿಸಿಕೊಂಡಿರುವವರು ಪುಸ್ತಕಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿಯುವ ಮುನ್ನ ದಯವಿಟ್ಟು ಇದನ್ನು ಓದಿರಿ. ನಾನು ಹರಿದೆ. ಹರಿಯಬೇಕೆಂದು ಪುಸ್ತಕ ಮಾರಿದವರೇ ಬರೆದು ಕಳುಹಿಸಿದ್ದರಿಂದ ಹರಿದೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅದನ್ನು ನೆನೆದರೆ ಈಗಲೂ ಕೋಪಕ್ಕಿಂತ ಮೊದಲು ನಾಚಿಕೆಯೇ ಆಗುತ್ತದೆ.

ನಮಗೆ ಮೂವರು ಮಕ್ಕಳು: ಹಿರಿಯವನಿಗೆ 13 ವರ್ಷ, ನಡುವಿನವಳಿಗೆ 9, ಕಿರಿಯವನಿಗೆ 6. ವಯಸ್ಸಿನ ಅಂತರ ಇಷ್ಟಿರುವ ಮನೆಯಲ್ಲಿ ಪಾಠ ಹೇಳುವವರಿಗೆ ನಿಜವಾದ ಕಷ್ಟ ಎಲ್ಲಿದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಗಣಿತ, ಓದು, ವ್ಯಾಕರಣ ಇವು ಮೆಟ್ಟಿಲು ಹತ್ತಿದಂತೆ ಕಲಿಯಬೇಕಾದ ವಿದ್ಯೆಗಳು. ಅವುಗಳನ್ನು ಪ್ರತಿ ಮಗುವಿಗೂ ಬೇರೆಯಾಗಿಯೇ ಹೇಳಬೇಕು. ಸತ್ಯವೇದ (ಬೈಬಲ್), ಚರಿತ್ರೆ, ಭೂಗೋಳ, ಚಿತ್ರಕಲೆ ಮತ್ತು ವಿಜ್ಞಾನದ ಬಹುಪಾಲು ಹಾಗಲ್ಲ. ತಾಯಿ ಒಮ್ಮೆ ಗಟ್ಟಿಯಾಗಿ ಓದಿದರೆ ಮೂವರೂ ಕೇಳಬಹುದು. ಆಮೇಲೆ ಕಿರಿಯವನು ಚಿತ್ರ ಬಿಡಿಸಿ, ನಡುವಿನವಳು ಕೇಳಿದ್ದನ್ನು ಬಾಯಲ್ಲಿ ಹೇಳಿ, ಹಿರಿಯವನು ಪ್ರಬಂಧ ಬರೆದರೆ ಆ ದಿನದ ಪಾಠ ಮುಗಿಯಿತು. ನಾನು ಹುಡುಕುತ್ತಿದ್ದದ್ದು ಇದನ್ನೇ. ಪ್ರಾಚೀನ ಕಾಲದಿಂದ ಇಂದಿನವರೆಗಿನ ಚರಿತ್ರೆಯನ್ನು 4 ವರ್ಷಗಳಲ್ಲಿ ಒಂದು ಸುತ್ತು ಮುಗಿಸಿ, ಮನೆಮಂದಿಯೆಲ್ಲ ಒಂದು ವರ್ಷಕ್ಕೆ ಒಂದೇ ಕಾಲಘಟ್ಟದಲ್ಲಿ ಇರುವಂಥ ಪಠ್ಯಕ್ರಮ ಬೇಕೆಂದು ಪಟ್ಟು ಹಿಡಿದಿದ್ದೆ.

ಪಠ್ಯಕ್ರಮ ಮಾರುವವರ ಕೈಹೊತ್ತಿಗೆಯಲ್ಲಿ ಇದ್ದದ್ದೂ ಅದೇ ಮಾತು: ಒಂದೇ ಮೇಜಿನ ಸುತ್ತ ಇಡೀ ಕುಟುಂಬ, ಒಂದೇ ಪಾಠ, ಒಮ್ಮೆ ಕೊಂಡರೆ ಎಲ್ಲ ಮಕ್ಕಳಿಗೂ ಸಾಕು. ಬ್ರಿಟಿಷ್ ಶಿಕ್ಷಕಿ ಷಾರ್ಲಟ್ ಮೇಸನ್ ಅವರ ಪದ್ಧತಿಯಂತೆ ರೂಪಿಸಿದ್ದೇವೆ ಎಂಬ ಸಾಲು ಬೇರೆ. ಯಾವುದೇ ಒಂದು ಸಭೆಗೆ, ಅಂದರೆ ಕ್ರೈಸ್ತ ಪಂಗಡಕ್ಕೆ, ಸೇರದೆ ಎಲ್ಲ ಕ್ರೈಸ್ತ ಕುಟುಂಬಗಳಿಗೂ ಹೊಂದುತ್ತದೆ ಎಂಬ ಭರವಸೆಯೂ ಇತ್ತು. ಕೊನೆಯ 4 ಪುಟಗಳಲ್ಲಿ ತಾಯಂದಿರ ಸಾಕ್ಷಿಗಳು. ಅವನ್ನು ಓದಿ ನನ್ನ ಕಣ್ಣು ತುಂಬಿತ್ತು. ಈಗ ಮತ್ತೆ ತೆಗೆದು ನೋಡಿದರೆ ಆ ಸಾಕ್ಷಿಗಳಲ್ಲಿ ಒಂದಾದರೂ ಒಂದು ವರ್ಷ ಪಾಠ ಮುಗಿಸಿದ ತಾಯಿಯದ್ದಲ್ಲ. ಎಲ್ಲವೂ ಪೆಟ್ಟಿಗೆ ಮನೆಗೆ ಬಂದ ದಿನದ ಸಂತೋಷದಲ್ಲಿ ಬರೆದವು. ಪೆಟ್ಟಿಗೆ ಬಂದ ದಿನ ಕೇಳಿದ್ದರೆ ನಾನೂ ಹಾಗೆಯೇ ಬರೆದುಕೊಡುತ್ತಿದ್ದೆ.

ಕೊಳ್ಳುವ ಮುನ್ನ ನಾನು ವಿಚಾರಿಸಲಿಲ್ಲ ಎಂದು ಯಾರೂ ಹೇಳದಿರಲಿ. ಮೂವರ ವಯಸ್ಸನ್ನೂ ಬರೆದು, ಯಾವ ವಿಷಯಗಳನ್ನು ಒಟ್ಟಿಗೆ ಹೇಳಬಹುದು, ಯಾವುದನ್ನು ಬೇರೆಯಾಗಿ ಹೇಳಬೇಕು, ತಾಯಿ ದಿನಕ್ಕೆ ಎಷ್ಟು ಹೊತ್ತು ಕೂರಬೇಕು ಎಂದು ಸ್ಪಷ್ಟವಾಗಿ ಕೇಳಿದ್ದೆ. ಬಂದ ಉತ್ತರ ಇಷ್ಟೇ: “ಪ್ರಿಯ ಸಹೋದರಿಯೇ, ಕುಟುಂಬವು ಒಟ್ಟಾಗಿ ಕಲಿಯುವುದೇ ನಮ್ಮ ಪಠ್ಯಕ್ರಮದ ಹೃದಯ. ನಿಮ್ಮ ಮೂವರು ಮಕ್ಕಳಿಗೂ ಮೂರು ಹಂತಗಳನ್ನು ಆರಿಸಿಕೊಟ್ಟಿದ್ದೇವೆ.” ಒಂದೇ ಪಾಠವಾದರೆ ಮೂರು ಹಂತಗಳೇಕೆ ಎಂದು ಅಲ್ಲಿಯೇ ಕೇಳಬೇಕಿತ್ತು. ನನ್ನ ಪತಿ ಕೇಳಿದರು. ಒಂದು ವಾರದ ಮಾದರಿ ಪಾಠ ತರಿಸಿ ನೋಡೋಣ ಎಂದೂ ಹೇಳಿದರು. ವಿಶ್ವಾಸಿಗಳನ್ನೂ ಹೀಗೆ ಅನುಮಾನಿಸಿದರೆ ಇನ್ಯಾರನ್ನು ನಂಬುವುದು ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಇಡೀ ವರ್ಷದ ಪಾಠಕ್ಕೆಂದು ಕೂಡಿಟ್ಟ ಹಣದಲ್ಲಿ ಮುಕ್ಕಾಲು ಪಾಲು ಅಂದೇ ಹೋಯಿತು.

ಈಗ ಹೊದಿಕೆಯ ಸಂಗತಿಗೆ ಬರುತ್ತೇನೆ. ಪೆಟ್ಟಿಗೆಯ ಮೇಲ್ಭಾಗದಲ್ಲೇ ಒಂದು ಹಾಳೆ ಇಟ್ಟಿದ್ದರು. ಒಳಗಿರುವ 41 ಪುಸ್ತಕ ಹಾಗೂ ಸಾಮಗ್ರಿಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಬೇಕು, ಮುದ್ರಣದೋಷವಿದೆಯೇ ಎಂದು ಪುಟಗಳನ್ನು ಪರಿಶೀಲಿಸಬೇಕು, ಕೊರತೆಯಿದ್ದರೆ 7 ದಿನಗಳ ಒಳಗೆ ತಿಳಿಸಬೇಕು ಎಂದು ಅದರಲ್ಲಿತ್ತು. ಪುಸ್ತಕಗಳನ್ನು ಐದೈದಾಗಿ ಸೇರಿಸಿ ಹೊದಿಕೆ ಹಾಕಿದ್ದರು. ಅದನ್ನು ಹರಿಯದೆ ಪುಟಗಳನ್ನು ನೋಡುವುದು ಹೇಗೆ? ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಒಂದೊಂದನ್ನೇ ಬಿಚ್ಚಿ, ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದೆವು. ಹಿರಿಯವನ ವಿಜ್ಞಾನದ ಪ್ರಯೋಗ ಸಾಮಗ್ರಿಯ ಕಟ್ಟು ಮಾತ್ರ ಕತ್ತಲಾಯಿತೆಂದು ಹಾಗೆಯೇ ಉಳಿಯಿತು. ಆರನೆಯ ದಿನ, ಇದು ನಮಗೆ ಹೊಂದುವುದಿಲ್ಲ, ಮರಳಿಸುತ್ತೇನೆ ಎಂದು ಬರೆದಾಗ ಬಂದ ಉತ್ತರವನ್ನು ಇದ್ದಂತೆಯೇ ಕೊಡುತ್ತೇನೆ: “ಹೊದಿಕೆ ತೆರೆದ ಪುಸ್ತಕಗಳನ್ನು ನಾವು ಹಿಂದಕ್ಕೆ ಪಡೆಯುವುದಿಲ್ಲ.” ಪರಿಶೀಲಿಸಿ ಎಂದು ನೀವೇ ಬರೆದಿರಲ್ಲವೇ ಎಂದು ಆ ಹಾಳೆಯ ಚಿತ್ರವನ್ನು ಕಳುಹಿಸಿದೆ. “ಪರಿಶೀಲಿಸುವುದು ಬೇರೆ, ತೆರೆಯುವುದು ಬೇರೆ, ಸಹೋದರಿಯೇ. ನಿಮ್ಮ ಮನಸ್ಸಿಗೆ ಸಮಾಧಾನ ಸಿಗಲೆಂದು ಪ್ರಾರ್ಥಿಸುತ್ತೇವೆ.”

ಪ್ರಾರ್ಥಿಸುತ್ತೇವೆ! ಆ ಒಂದು ಪದವನ್ನು ಓದಿ ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕುಳಿತೆ. ಹಣಕ್ಕಾಗಿ ಅತ್ತೆನೋ, ನಾನೇ ಮಕ್ಕಳ ಎದುರು ಹೊದಿಕೆ ಹರಿದು ಸಂಭ್ರಮಿಸಿದ್ದಕ್ಕಾಗಿ ಅತ್ತೆನೋ ನನಗೇ ತಿಳಿಯಲಿಲ್ಲ.

ಮರಳಿಸಬೇಕೆಂದು ಯಾಕೆ ಅನ್ನಿಸಿತು ಎಂಬುದನ್ನೂ ಹೇಳಬೇಕು. ಆ ‘ಒಂದೇ ಪಾಠ’ದ ಪ್ರಕಾರ ಹಿರಿಯವನ ಚರಿತ್ರೆ 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ತಮ್ಮ 95 ವಾದಗಳನ್ನು ಪ್ರಕಟಿಸಿದಲ್ಲಿಂದ ಶುರುವಾಗುತ್ತದೆ, ನಡುವಿನವಳು ಸತ್ಯವೇದದ ಮೋಶೆಯೊಂದಿಗೆ ಐಗುಪ್ತದಲ್ಲಿ (ಈಜಿಪ್ಟ್) ಇರುತ್ತಾಳೆ, ಕಿರಿಯವನು ಅಂಚೆಯವರು ಮತ್ತು ಅಗ್ನಿಶಾಮಕರ ಚಿತ್ರಕ್ಕೆ ಬಣ್ಣ ತುಂಬುತ್ತಾನೆ. ಮೂವರೂ ಒಟ್ಟಿಗೆ ಮಾಡಬೇಕಾದದ್ದು ಬೆಳಗಿನ ಒಂದು ಗಂಟೆಯ ವೇದಪಾಠ ಮತ್ತು ಗೀತೆ, ಅಷ್ಟೇ. ಉಳಿದದ್ದೆಲ್ಲವೂ ಮೂರು ಬೇರೆ ಬೇರೆ ತರಗತಿಗಳಿಗೆ ಬರೆದ ಶಾಲಾಪುಸ್ತಕಗಳೇ. ಅವನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಮೇಲೆ ‘ಕುಟುಂಬ’ ಎಂದು ಅಚ್ಚುಹಾಕಿದ್ದಾರೆ.

ಶಿಕ್ಷಕರ ಕೈಪಿಡಿಗಳನ್ನು ಮುಂದಿಟ್ಟುಕೊಂಡು ನಾನು ಲೆಕ್ಕ ಹಾಕಿದೆ. ಕಿರಿಯವನಿಗೆ ದಿನಕ್ಕೆ 4 ಪಾಠ, ಒಂದೊಂದಕ್ಕೆ 30 ನಿಮಿಷ, ತಾಯಿ ಪಕ್ಕದಲ್ಲೇ ಇರಬೇಕು. ನಡುವಿನವಳಿಗೆ 4 ಪಾಠ, ತಲಾ 40 ನಿಮಿಷ. ಹಿರಿಯವನಿಗೆ 4, ತಲಾ 45 ನಿಮಿಷ. ಕೂಡಿಸಿದರೆ 460 ನಿಮಿಷ, ಅಂದರೆ 7 ಗಂಟೆ 40 ನಿಮಿಷ. ಬೆಳಗಿನ ವೇದಪಾಠವೂ ಸೇರಿದರೆ 8 ಗಂಟೆ 40 ನಿಮಿಷ. ಉತ್ತರಗಳನ್ನು ತಿದ್ದುವ ಹೊತ್ತು ಇದರಲ್ಲಿ ಸೇರಿಲ್ಲ. ಈ ಲೆಕ್ಕವನ್ನು ಕಳುಹಿಸಿದಾಗ, ಗುಣವತಿಯಾದ ಸತಿಯನ್ನು ವರ್ಣಿಸುವ, ಸತ್ಯವೇದದ ಜ್ಞಾನೋಕ್ತಿ 31ನೆಯ ಅಧ್ಯಾಯವನ್ನು ಧ್ಯಾನಿಸಿರಿ ಎಂಬ ಸಲಹೆ ಬಂತು. ಆಕೆ ಕತ್ತಲಿರುವಾಗಲೇ ಏಳುತ್ತಾಳೆ ಎಂಬುದು ನನಗೂ ಗೊತ್ತು. ಆಕೆಗೆ ದಾಸಿಯರಿದ್ದರು ಎಂಬುದೂ ಅದೇ ವಚನದಲ್ಲಿದೆ.

ಇನ್ನು ಷಾರ್ಲಟ್ ಮೇಸನ್ ಅವರ ಹೆಸರು. 1842ರಿಂದ 1923ರವರೆಗೆ ಬದುಕಿದ್ದ ಆ ಬ್ರಿಟಿಷ್ ಶಿಕ್ಷಕಿ ಚಿಕ್ಕ ಮಕ್ಕಳ ಪಾಠ 20 ನಿಮಿಷ ಮೀರಬಾರದೆಂದೂ, ಒಣ ಪಠ್ಯಪುಸ್ತಕದ ಬದಲು ಜೀವವಿರುವ ಪುಸ್ತಕ ಓದಿಸಿ ಕೇಳಿದ್ದನ್ನು ಮಗುವಿನ ಬಾಯಿಂದಲೇ ಹೇಳಿಸಬೇಕೆಂದೂ, ಮಕ್ಕಳನ್ನು ಬಯಲಿಗೆ ಕರೆದೊಯ್ಯಬೇಕೆಂದೂ ಹೇಳಿದವರು. ನಮ್ಮ ಪೆಟ್ಟಿಗೆಯಲ್ಲಿ ಬಂದದ್ದು ಬಿಟ್ಟ ಸ್ಥಳ ತುಂಬುವ ವರ್ಕ್‌ಬುಕ್‌ಗಳು. ಅವುಗಳ ಎರಡನೆಯ ಪುಟದಲ್ಲಿ, ಇದು ಒಬ್ಬ ವಿದ್ಯಾರ್ಥಿಗೆ ಮಾತ್ರ, ನಕಲು ಮಾಡುವಂತಿಲ್ಲ ಎಂದು ಸಣ್ಣಕ್ಷರದಲ್ಲಿದೆ. ಅಂದರೆ ಅಕ್ಕ ತುಂಬಿಸಿದ ಪುಸ್ತಕ ತಮ್ಮನಿಗೆ ಬರುವಂತಿಲ್ಲ. 3 ವರ್ಷಗಳ ಬಳಿಕ ಅವನಿಗೆ ಹೊಸದನ್ನೇ ಕೊಳ್ಳಬೇಕು. ‘ಒಮ್ಮೆ ಕೊಂಡರೆ ಸಾಕು’ ಎಂದದ್ದು ಶಿಕ್ಷಕರ ಕೈಪಿಡಿಯ ಬಗ್ಗೆಯಂತೆ.

ಗಣಿತದ್ದು ಮತ್ತೊಂದು ಗೋಳು, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ನಮ್ಮ ಮಕ್ಕಳು ಹಿಂದೆ ಕಲಿತದ್ದು ಒಂದು ವಿಷಯವನ್ನು ಪೂರ್ತಿ ಅರಗಿಸಿಕೊಂಡ ಮೇಲೆಯೇ ಮುಂದಕ್ಕೆ ಹೋಗುವ ಕ್ರಮದಲ್ಲಿ. ಇವರದ್ದು ಪ್ರತಿ ವಿಷಯವನ್ನೂ ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಮುಟ್ಟುವ ಸುರುಳಿ ಕ್ರಮ. ಎರಡೂ ಒಳ್ಳೆಯ ಕ್ರಮಗಳೇ. ನಡುದಾರಿಯಲ್ಲಿ ಒಂದರಿಂದ ಮತ್ತೊಂದಕ್ಕೆ ಹಾರಿದರೆ ಮಾತ್ರ ತೂತುಗಳು ಉಳಿಯುತ್ತವೆ. ಅದಕ್ಕೇ ಮೊದಲು, ಮಗು ಯಾವ ಹಂತದಲ್ಲಿದೆ ಎಂದು ತಿಳಿಯುವ ಪ್ಲೇಸ್‌ಮೆಂಟ್ ಪರೀಕ್ಷೆ ಮಾಡಿಸುವುದು. ಇವರು ವಯಸ್ಸನ್ನಷ್ಟೇ ಕೇಳಿ ಪುಸ್ತಕ ಕಳುಹಿಸಿದರು. ಭಿನ್ನರಾಶಿಯ ಮೊದಲ ಪಾಠದಲ್ಲೇ, ಕಳೆದ ವರ್ಷ ಕಲಿತಂತೆ ಎಂಬ ಸಾಲು ನೋಡಿ ಮಗಳು ತಾನು ದಡ್ಡಿ ಎಂದುಕೊಂಡು ಪುಸ್ತಕ ಮುಚ್ಚಿಟ್ಟಳು.

ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ನಮ್ಮದು ಲೂಥರನ್ ಸಭೆ. ಭಾನುವಾರ ಸಭೆಯಲ್ಲಿ ದೇವರ ಹತ್ತು ಆಜ್ಞೆಗಳಲ್ಲಿ ಎರಡನೆಯದು ಯಾವುದೆಂದು ಕೇಳಿದಾಗ, ಮಗಳು ಎಲ್ಲರ ಮುಂದೆ ಎದ್ದು ನಿಂತು ವಿಗ್ರಹ ಮಾಡಿಕೊಳ್ಳಬಾರದು ಎಂದಳು. ನಮ್ಮ ಎಣಿಕೆಯಲ್ಲಿ ಎರಡನೆಯದು ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದು ಎಂಬುದು. ಕ್ಯಾಥೊಲಿಕರ ಎಣಿಕೆಯೂ ಹಾಗೆಯೇ. ಈ ಪುಸ್ತಕಗಳಿಂದ ಕಲಿತು ಅವಳು ಹೇಳಿದ್ದು, ಕ್ಯಾಲ್ವಿನ್‌ನ ಮಾರ್ಗ ಹಿಡಿದ ರಿಫಾರ್ಮ್ಡ್ ಸಭೆಗಳ ಎಣಿಕೆ. ವಚನಗಳು ಅವೇ, ಎಣಿಸುವ ಬಗೆ ಬೇರೆ, ಅಷ್ಟರಲ್ಲಿ ತಪ್ಪೇನಿಲ್ಲ. ಆದರೆ 1529ರಲ್ಲಿ ಲೂಥರ್ ಮನೆಯ ಯಜಮಾನನು ಮನೆಮಂದಿಗೆ ಕಲಿಸಲೆಂದು ಬರೆದ ಪ್ರಶ್ನೋತ್ತರ ಪಾಠವನ್ನೇ ಹೇಳಿಕೊಂಡು ಬೆಳೆದ ಮನೆಗೆ, ಯಾವ ಸಭೆಗೂ ಸೇರದ ಪಠ್ಯಕ್ರಮ ಎಂದು ಇದನ್ನು ಮಾರಿದ್ದು ಸರಿಯೇ? ಆ ವಾರವೇ ಕಿರಿಯವನ ಪುಸ್ತಕದಲ್ಲಿ, ಸ್ವತಃ ನಂಬಿದ ಮೇಲೆ ಪಡೆಯುವ ದೀಕ್ಷಾಸ್ನಾನವೇ (ಬ್ಯಾಪ್ಟಿಸಂ) ನಿಜವಾದದ್ದು ಎಂಬ ಪಾಠ ಬಂತು. ಕೈಗೂಸಾಗಿದ್ದಾಗ ನನಗೆ ಮಾಡಿಸಿದ್ದು ಸುಳ್ಳೇ ಅಮ್ಮಾ ಎಂದು ಅವನು ಕೇಳಿದ. ಹಿರಿಯವನ ಕಾಲರೇಖೆಯ ಚಾರ್ಟ್ 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಅಶರ್ ಲೋಕದ ಸೃಷ್ಟಿಯ ವರ್ಷವೆಂದು ಲೆಕ್ಕ ಹಾಕಿದ ಕ್ರಿ.ಪೂ. 4004ರಿಂದಲೇ ಶುರುವಾಗುತ್ತದೆ, ಬೇರೆ ರೀತಿ ನಂಬುವ ಕ್ರೈಸ್ತರೂ ಇದ್ದಾರೆಂಬ ಒಂದು ಸಾಲೂ ಅದರಲ್ಲಿಲ್ಲ. ಇದನ್ನೆಲ್ಲ ಬರೆದಾಗ ಬಂದದ್ದು: “ಇವು ಗೌಣ ವಿಷಯಗಳು, ಸಹೋದರಿಯೇ. ನೀವು ಐಕ್ಯತೆಯ ಆತ್ಮದಿಂದ ನೋಡಬೇಕು.” ಗೌಣವಾಗಿದ್ದರೆ 6 ವರ್ಷದ ಮಗುವಿನ ಪುಸ್ತಕದಲ್ಲಿ ಅದಕ್ಕೆ ಒಂದು ಇಡೀ ವಾರ ಕೊಟ್ಟದ್ದೇಕೆ ಎಂದು ಕೇಳಿದೆ. ಅದಕ್ಕೆ ಉತ್ತರ ಬರಲೇ ಇಲ್ಲ.

ಕೊಳ್ಳಲು ಹೊರಟವರು ಮೊದಲು ಮಾರುವವರ ವಿಶ್ವಾಸದ ಪ್ರಮಾಣವನ್ನು, ಅಂದರೆ ಅವರು ನಂಬುವುದೇನೆಂದು ತಿಳಿಸುವ ಬರಹವನ್ನು ತರಿಸಿ, ದೀಕ್ಷಾಸ್ನಾನ ಮತ್ತು ಸೃಷ್ಟಿಯ ಬಗ್ಗೆ ಏನಿದೆಯೆಂದು ನಿಮ್ಮ ಸಭಾಪಾಲಕರೊಂದಿಗೆ ಕುಳಿತು ಓದಿರಿ. ಪ್ರತಿ ಹಂತದ ಒಂದು ಪೂರ್ತಿ ವಾರದ ಪಾಠವನ್ನು ಕೇಳಿ ಪಡೆದು, ಮಕ್ಕಳೆಲ್ಲರನ್ನೂ ಕೂರಿಸಿ ಪಾಠ ಮಾಡಿ ನೋಡಿರಿ. ಮಾದರಿ ಕೊಡದವರಿಂದ ಏನನ್ನೂ ಕೊಳ್ಳಬೇಡಿರಿ. ತಾಯಿ ಕೂರಬೇಕಾದ ನಿಮಿಷಗಳನ್ನು ನೀವೇ ಕೂಡಿಸಿರಿ. ಮರಳಿಸುವ ನಿಯಮವನ್ನು ಬರಹದಲ್ಲಿ ಪಡೆಯಿರಿ, ‘ತೆರೆಯುವುದು’ ಎಂದರೇನು ಎಂಬುದನ್ನೂ ಸೇರಿಸಿ. ಹಣದ ಪ್ರಶ್ನೆಗೆ ಯಾರಾದರೂ ವಚನದಿಂದ ಉತ್ತರಿಸಿದರೆ ಅಲ್ಲಿಗೇ ಎದ್ದುಬನ್ನಿರಿ.

ನಾವೀಗ ಗ್ರಂಥಾಲಯದ ಪುಸ್ತಕಗಳನ್ನೇ ಇಟ್ಟುಕೊಂಡು ಮೂವರಿಗೂ ಐಗುಪ್ತದ ಚರಿತ್ರೆಯನ್ನು ಓದುತ್ತಿದ್ದೇವೆ; ಗಣಿತಕ್ಕೆ ಹಳೆಯ ಪುಸ್ತಕಗಳಿಗೇ ಮರಳಿದ್ದೇವೆ. ಹೊದಿಕೆ ಹರಿಯದೆ ಉಳಿದಿದ್ದ ವಿಜ್ಞಾನದ ಕಟ್ಟನ್ನಾದರೂ ಹಿಂದಕ್ಕೆ ಪಡೆಯಿರಿ ಎಂದು ಕೊನೆಯದಾಗಿ ಕೇಳಿದ್ದೆ. ಅದನ್ನು ಪಡೆಯಲು ಅಡ್ಡಿಯಿಲ್ಲ, ಆದರೆ ಪೂರ್ತಿ ಸೆಟ್ ಜೊತೆಗೇ ಬರಬೇಕು, ಬಿಡಿಯಾಗಿ ಪಡೆಯಲಾಗದು ಎಂದಿದ್ದಾರೆ. ಮತ್ತೊಮ್ಮೆ ಬರೆದು 3 ವಾರಗಳಾದವು. ಆ ಕಟ್ಟು ಕಪಾಟಿನ ಮೇಲಿದೆ. ಒಳಗಿರುವ ಭೂತಗನ್ನಡಿಯನ್ನು ತೆಗೆದುಕೊಳ್ಳಲೇ ಎಂದು ಹಿರಿಯವನು ದಿನವೂ ಕೇಳುತ್ತಾನೆ, ಉತ್ತರ ಬರಲಿ ಎಂದು ತಡೆದಿದ್ದೇನೆ.