ಓಇಎಂ, ರೀಟೇಲ್, ವಾಲ್ಯೂಮ್: ನಿಮ್ಮ ವಿಂಡೋಸ್ ಲೈಸೆನ್ಸ್ ಯಾವುದಕ್ಕೆ ಕಟ್ಟಿಕೊಂಡಿದೆ?

ವಿಂಡೋಸ್ ಕೀ ಅಂದರೆ 25 ಅಕ್ಷರ, ಐದೈದರ ಐದು ಗುಂಪು. ಓಇಎಂ ಕೀ (ಕಂಪ್ಯೂಟರ್ ಜೊತೆಗೇ ಬರುವುದು), ರೀಟೇಲ್ ಕೀ (ಬಿಡಿಯಾಗಿ ಕೊಳ್ಳುವುದು), ವಾಲ್ಯೂಮ್ ಕೀ (ಸಂಸ್ಥೆಗಳಿಗೆ ಒಟ್ಟಾಗಿ ಕೊಡುವುದು) ಮೂರನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ. ಹಾಕಿದ ಮೇಲೆ ಕಾಣುವ ಪರದೆಯೂ ಒಂದೇ, ವೇಗವೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಮದರ್‌ಬೋರ್ಡ್ ಸುಟ್ಟ ದಿನ, ಹೊಸ ಕಂಪ್ಯೂಟರ್‌ಗೆ ಬದಲಾದ ದಿನ, ಇಲ್ಲವೇ ಆರು ತಿಂಗಳು ಚೆನ್ನಾಗಿಯೇ ನಡೆದು ಒಮ್ಮೆಲೇ ಪರದೆಯ ಬಲಮೂಲೆಯಲ್ಲಿ ‘ವಿಂಡೋಸ್ ಆ್ಯಕ್ಟಿವೇಟ್ ಮಾಡಿ’ ಎಂಬ ಮಸುಕು ಬರಹ ಮೂಡಿದ ದಿನ. ಹಾಗಾಗಿ ಇಲ್ಲಿನ ಹೋಲಿಕೆಗೆ ಇಟ್ಟುಕೊಂಡ ಪರೀಕ್ಷೆಗಳು ನಾಲ್ಕು: ಡಿಸ್ಕ್ ಪೂರ್ತಿ ಅಳಿಸಿ ಮತ್ತೆ ಹಾಕುವುದು, ಬೋರ್ಡ್ ಬದಲಿಸುವುದು, ಬೇರೆ ಯಂತ್ರಕ್ಕೆ ಸಾಗಿಸುವುದು, ಬಹಳ ದಿನ ನೆಟ್‌ವರ್ಕ್ ಇಲ್ಲದೆ ಇಡುವುದು. ವಿಂಡೋಸ್ 10 ಮತ್ತು 11 ಎರಡರಲ್ಲೂ ಫಲ ಹೆಚ್ಚುಕಡಿಮೆ ಒಂದೇ.

ಕೈಯಲ್ಲಿರುವುದು ಯಾವುದೆಂದು ಮೊದಲು ನೋಡಿ

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಎಲ್‌ಎಂಜಿಆರ್ /ಡಿಎಲ್‌ಐ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ನಾಲ್ಕೈದು ಸೆಕೆಂಡಿಗೆ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ಮೊದಲ ಸಾಲಿನಲ್ಲಿ ಆವೃತ್ತಿಯ ಹೆಸರು, ಎರಡನೆಯದರಲ್ಲಿ ವಿವರ, ಆಮೇಲೆ ಕೀಯ ಕೊನೆಯ ಐದು ಅಕ್ಷರ, ಕಡೆಗೆ ಲೈಸೆನ್ಸ್ ಸ್ಥಿತಿ. ನಮಗೆ ಬೇಕಾದ್ದು ಎರಡನೆಯ ಸಾಲಿನ ಕೊನೆ. ಅಲ್ಲಿ ‘ಓಇಎಂ_ಡಿಎಂ ಚಾನೆಲ್’ ಎಂದಿದ್ದರೆ ತಯಾರಕರು ಫ್ಯಾಕ್ಟರಿಯಲ್ಲೇ ಹಾಕಿ ಕಳಿಸಿದ ಲೈಸೆನ್ಸ್. ‘ರೀಟೇಲ್’ ಎಂದರೆ ಬಿಡಿಯಾಗಿ ಮಾರಿದ್ದು. ‘ವಾಲ್ಯೂಮ್_ಎಂಎಕೆ’ ಅಥವಾ ‘ವಾಲ್ಯೂಮ್_ಕೆಎಂಎಸ್‌ಕ್ಲೈಂಟ್’ ಎಂದರೆ ಸಂಸ್ಥೆಯೊಂದರ ಒಪ್ಪಂದದ್ದು.

ಇಲ್ಲೇ ಬಹಳ ಜನ ಎಡವುವುದು. ‘ರೀಟೇಲ್’ ಎಂದು ಕಂಡ ಕೂಡಲೇ ಖುಷಿಪಡಬೇಡಿ, ಕೆಳಗಿನ ಐದು ಅಕ್ಷರವನ್ನೂ ನೋಡಿ. ಪ್ರೊ ಆವೃತ್ತಿಯಲ್ಲಿ ‘3ವಿ66ಟಿ’, ಹೋಮ್‌ನಲ್ಲಿ ‘8ಎಚ್‌ವಿಎಕ್ಸ್7’ ಎಂದಿದ್ದರೆ ಅದು ನಿಮ್ಮ ಸ್ವಂತ ಕೀ ಅಲ್ಲ. ಡಿಜಿಟಲ್ ಲೈಸೆನ್ಸ್ (ಕೀ ಬದಲು ಯಂತ್ರದ ಗುರುತನ್ನೇ ಮೈಕ್ರೋಸಾಫ್ಟ್ ಸರ್ವರ್ ನೆನಪಿಟ್ಟುಕೊಳ್ಳುವ ಲೈಸೆನ್ಸ್) ಇರುವ ಯಂತ್ರಗಳಿಗೆಲ್ಲ ವಿಂಡೋಸ್ ತಾನೇ ತುಂಬಿಕೊಳ್ಳುವ ಸಾರ್ವತ್ರಿಕ ಕೀ. ವಿಂಡೋಸ್ 7ರ ಓಇಎಂ ಲೈಸೆನ್ಸಿನಿಂದ ಉಚಿತವಾಗಿ 10ಕ್ಕೆ ಏರಿದ ಯಂತ್ರವೂ ಹೀಗೇ ‘ರೀಟೇಲ್’ ಎಂದು ತೋರಿಸುತ್ತದೆ. ಹಾಗೆಂದು ಅದನ್ನು ಬೇರೆ ಕಂಪ್ಯೂಟರ್‌ಗೆ ಒಯ್ಯುವ ಹಕ್ಕು ಬಂದುಬಿಡುವುದಿಲ್ಲ. ಹುಟ್ಟಿದ್ದು ಓಇಎಂ, ಹಕ್ಕೂ ಓಇಎಂನದ್ದೇ.

ಓಇಎಂ: ಬೋರ್ಡಿಗೆ ಕಟ್ಟಿದ್ದು

ವಿಂಡೋಸ್ 7ರ ಕಾಲದಲ್ಲಿ ಲ್ಯಾಪ್‌ಟಾಪ್‌ನ ಅಡಿಗೆ ಕೀ ಅಚ್ಚಾದ ಸ್ಟಿಕರ್ ಇರುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಅಕ್ಷರ ಸವೆದು ಓದಲಾಗುತ್ತಿರಲಿಲ್ಲ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ತಯಾರಕರು ಕೀಯನ್ನು ಯುಇಎಫ್‌ಐ ಫರ್ಮ್‌ವೇರ್‌ನಲ್ಲಿ (ಯಂತ್ರ ಶುರು ಮಾಡಲು ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ), ಎಂಎಸ್‌ಡಿಎಂ ಎಂಬ ಪಟ್ಟಿಯೊಳಗೆ ಬರೆಯತೊಡಗಿದರು. ಹಾಗಾಗಿ ಡಿಸ್ಕ್ ಅಳಿಸುವ ಪರೀಕ್ಷೆಯಲ್ಲಿ ಓಇಎಂನಷ್ಟು ನೆಮ್ಮದಿ ಬೇರೆ ಯಾವುದರಲ್ಲೂ ಇಲ್ಲ. ಖಾಲಿ ಎಸ್‌ಎಸ್‌ಡಿ ಹಾಕಿ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಶುರು ಮಾಡಿದರೆ ಕೀ ಕೇಳುವುದೇ ಇಲ್ಲ. ನೆಟ್‌ವರ್ಕ್ ಸಿಕ್ಕಿದ ಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ.

ಇದೇ ಸೌಕರ್ಯ ಒಂದು ಕಡೆ ಕಾಲಿಗೆ ತೊಡರುತ್ತದೆ. ಹೋಮ್ ಜೊತೆ ಬಂದ ಲ್ಯಾಪ್‌ಟಾಪ್‌ಗೆ ಪ್ರೊ ಲೈಸೆನ್ಸ್ ಕೊಂಡಿದ್ದೀರಿ, ಈಗ ಫಾರ್ಮ್ಯಾಟ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಫರ್ಮ್‌ವೇರ್‌ನಲ್ಲಿ ಹೋಮ್ ಕೀ ಇರುವುದರಿಂದ ಇನ್‌ಸ್ಟಾಲರ್ ಯಾವ ಆವೃತ್ತಿ ಬೇಕೆಂದು ಕೇಳದೆ ಹೋಮನ್ನೇ ಹಾಕಿಬಿಡುತ್ತದೆ. ಪರಿಹಾರ ಸುಲಭ: ಪೆನ್‌ಡ್ರೈವ್‌ನ ‘ಸೋರ್ಸಸ್’ ಫೋಲ್ಡರ್‌ನಲ್ಲಿ ‘ಇಐ.ಸಿಎಫ್‌ಜಿ’ ಹೆಸರಿನ ಪಠ್ಯ ಫೈಲ್ ಮಾಡಿ, ಚೌಕ ಕಂಸದೊಳಗೆ ‘ಚಾನೆಲ್’, ಅದರ ಕೆಳಗಿನ ಸಾಲಿನಲ್ಲಿ ‘ರೀಟೇಲ್’ ಎಂದು ಇಂಗ್ಲಿಷ್‌ನಲ್ಲಿ ಬರೆದು ಉಳಿಸಿ. ಮುಂದಿನ ಸಲ ಆವೃತ್ತಿಗಳ ಪಟ್ಟಿ ಬರುತ್ತದೆ. ಫೈಲ್ ಉಳಿಸುವಾಗ ನೋಟ್‌ಪ್ಯಾಡ್ ಹೆಸರಿನ ಕೊನೆಗೆ ‘.ಟಿಎಕ್ಸ್‌ಟಿ’ ಅಂಟಿಸುತ್ತದೆ, ಅದನ್ನು ತೆಗೆಯದಿದ್ದರೆ ಏನೂ ಬದಲಾಗುವುದಿಲ್ಲ.

ಬೋರ್ಡ್ ಬದಲಿಸುವ ಪರೀಕ್ಷೆಯಲ್ಲಿ ಓಇಎಂ ಸೋಲುತ್ತದೆ. ರ‍್ಯಾಮ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಏನೂ ಆಗುವುದಿಲ್ಲ. ಬೋರ್ಡ್ ಹೋದರೆ ಅದರ ಫರ್ಮ್‌ವೇರ್‌ನ ಕೀಯೂ ಹೋಯಿತು. ಕಂಪ್ಯೂಟರ್ ತಯಾರಿಸಿದವರೇ ಕೆಟ್ಟ ಬೋರ್ಡ್ ಬದಲಿಸಿ ಕೊಟ್ಟರೆ ಲೈಸೆನ್ಸ್ ಉಳಿಯುತ್ತದೆ, ಹೊಸ ಬೋರ್ಡಿಗೆ ಕೀ ಬರೆಯುವ ಹೊಣೆ ಅವರದು. ಹೊರಗಿನಿಂದ ಬೋರ್ಡ್ ತಂದು ಹಾಕಿದರೆ ‘0ಎಕ್ಸ್‌ಸಿ004ಎಫ್213’ ಎಂಬ ದೋಷ ಕಾಣುತ್ತದೆ: ಈ ಯಂತ್ರದಲ್ಲಿ ಕೀ ಸಿಗಲಿಲ್ಲ ಎಂದು ಅದರ ಅರ್ಥ. ಬೇರೆ ಯಂತ್ರಕ್ಕೆ ಸಾಗಿಸುವ ಮಾತಂತೂ ಇಲ್ಲವೇ ಇಲ್ಲ.

ಬಿಡಿಭಾಗ ಜೋಡಿಸುವವರಿಗೆಂದು ಮಾರುವ ಸಿಸ್ಟಮ್ ಬಿಲ್ಡರ್ ಪ್ಯಾಕ್ ಕೂಡ ಓಇಎಂ ಜಾತಿಯದ್ದೇ. ಕೀ ಫರ್ಮ್‌ವೇರ್‌ನಲ್ಲಿರದೆ ಸ್ಟಿಕರ್ ಮೇಲಿರುತ್ತದೆ, ಕೈಯಿಂದ ಹೊಡೆಯಬೇಕು, ಮೊದಲ ಯಂತ್ರಕ್ಕೇ ಅಂಟಿಕೊಳ್ಳುತ್ತದೆ. ತೊಂದರೆ ಬಂದಾಗ ನೆರವು ಕೊಡಬೇಕಾದವರು ಮೈಕ್ರೋಸಾಫ್ಟ್ ಅಲ್ಲ, ಜೋಡಿಸಿದವರು.

ರೀಟೇಲ್: ನಿಮ್ಮ ಕೈಗೆ ಬಂದದ್ದು

ಬೆಲೆ ಹೆಚ್ಚು, ಆದರೆ ಆ ಹೆಚ್ಚಿನ ಹಣ ಹೋಗುವುದು ಒಂದೇ ಹಕ್ಕಿಗೆ: ಸಾಗಿಸುವ ಹಕ್ಕು. ಒಂದು ಸಲಕ್ಕೆ ಒಂದು ಯಂತ್ರ, ಆ ಯಂತ್ರ ಯಾವುದೆಂಬುದು ನಿಮಗೆ ಬಿಟ್ಟದ್ದು. ವರ್ಚುವಲ್ ಮಶೀನ್ (ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದ ಓಡಿಸುವ ಇನ್ನೊಂದು ಕಂಪ್ಯೂಟರ್) ಕೂಡ ಲೆಕ್ಕಕ್ಕೆ ಒಂದು ಯಂತ್ರವೇ. ಒಳಗೊಂದು ವಿಂಡೋಸ್ ಓಡಿಸಬೇಕಾದರೆ ಅದಕ್ಕೆ ಬೇರೆ ಲೈಸೆನ್ಸ್ ಬೇಕು.

ಸಾಗಿಸುವ ಕ್ರಮ ಹೀಗೆ. ಹಳೆಯ ಯಂತ್ರದಲ್ಲಿ ‘ಎಸ್‌ಎಲ್‌ಎಂಜಿಆರ್ /ಯುಪಿಕೆ’ ಕೊಟ್ಟು ಕೀ ತೆಗೆಯಿರಿ, ಆಮೇಲೆ ‘ಎಸ್‌ಎಲ್‌ಎಂಜಿಆರ್ /ಸಿಪಿಕೆವೈ’ ಕೊಟ್ಟು ರಿಜಿಸ್ಟ್ರಿಯಿಂದಲೂ ಅಳಿಸಿ. ಹೊಸ ಯಂತ್ರದಲ್ಲಿ ‘/ಐಪಿಕೆ’ ಜೊತೆ 25 ಅಕ್ಷರದ ಕೀ, ನಂತರ ‘/ಎಟಿಒ’. ಹೆಚ್ಚಿನ ಸಲ ಇಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ‘0ಎಕ್ಸ್‌ಸಿ004ಸಿ008’ ಬರುತ್ತದೆ, ಕೀ ಬೇರೆಡೆ ಬಳಕೆಯಲ್ಲಿದೆ ಎಂದು. ತೆಗೆದಿದ್ದೇವಲ್ಲ, ಮತ್ತೇಕೆ? ‘/ಯುಪಿಕೆ’ ಅಳಿಸುವುದು ನಿಮ್ಮ ಯಂತ್ರದೊಳಗಿನ ಕೀಯನ್ನು ಮಾತ್ರ. ಆ ಸುದ್ದಿ ಮೈಕ್ರೋಸಾಫ್ಟ್ ಸರ್ವರ್‌ಗೆ ಮುಟ್ಟುವುದಿಲ್ಲ. ಆಗ ‘ಎಸ್‌ಎಲ್‌ಯುಐ 4’ ಕೊಟ್ಟು ಫೋನ್ ಆ್ಯಕ್ಟಿವೇಶನ್ ದಾರಿ ಹಿಡಿಯಿರಿ (ಈಗ ಅದು ಮೈಕ್ರೋಸಾಫ್ಟ್‌ನ ಜಾಲತಾಣಕ್ಕೆ ಕಳಿಸಬಹುದು). ಕೀ ಒಂದೇ ಯಂತ್ರದಲ್ಲಿದೆ ಎಂದು ನಿಜ ಹೇಳಿದರೆ ಸಾಕು.

ಬೋರ್ಡ್ ಬದಲಿಸುವ ಮುನ್ನ ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ (ವಿಂಡೋಸ್ 10ರಲ್ಲಾದರೆ ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’), ಅದರೊಳಗೆ ಆ್ಯಕ್ಟಿವೇಶನ್ ಪುಟ ತೆರೆದು, ಮೈಕ್ರೋಸಾಫ್ಟ್ ಖಾತೆಗೆ ಡಿಜಿಟಲ್ ಲೈಸೆನ್ಸ್ ಜೋಡಿಸಿ. 2016ರ ಅಪ್‌ಡೇಟ್‌ನಿಂದ ಬಂದ ಸೌಲಭ್ಯವಿದು. ಬೋರ್ಡ್ ಬದಲಾದ ಮೇಲೆ ಅದೇ ಪುಟದ ಟ್ರಬಲ್‌ಶೂಟರ್‌ನಲ್ಲಿ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬುದನ್ನು ಆರಿಸಿ, ಪಟ್ಟಿಯಿಂದ ಹಳೆಯ ಯಂತ್ರದ ಹೆಸರು ಒತ್ತಬೇಕು. ಪಟ್ಟಿಯಲ್ಲಿ ಐದಾರು ಯಂತ್ರವಿದ್ದು ಎಲ್ಲದರ ಹೆಸರೂ ‘ಡೆಸ್ಕ್‌ಟಾಪ್’ ಎಂದೇ ಶುರುವಾಗಿದ್ದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಯಂತ್ರಕ್ಕೆ ಮೊದಲೇ ಗುರುತು ಸಿಗುವ ಹೆಸರಿಡಿ. ಹಳೆಯದು ಪ್ರೊ, ಹೊಸದಾಗಿ ಹಾಕಿದ್ದು ಹೋಮ್ ಆಗಿದ್ದರೆ ಇದು ಕೆಲಸ ಮಾಡುವುದಿಲ್ಲ, ಆವೃತ್ತಿ ಒಂದೇ ಇರಬೇಕು.

ಆವೃತ್ತಿಯ ಮಾತು ಬಂದದ್ದಕ್ಕೆ ಇನ್ನೊಂದು. ಹೋಮ್ ಮೇಲೆ ಪ್ರೊ ಕೀ ಹೊಡೆದಾಗ ‘0ಎಕ್ಸ್803ಎಫ್‌ಎ067’ ಬಂದರೆ ಕೀ ಕೆಟ್ಟಿದೆ ಎಂದು ತಿಳಿಯಬೇಡಿ. ನೆಟ್‌ವರ್ಕ್ ಕಳಚಿ, ‘3ವಿ66ಟಿ’ಯಲ್ಲಿ ಕೊನೆಗೊಳ್ಳುವ ಪ್ರೊ ಸಾರ್ವತ್ರಿಕ ಕೀ ಹಾಕಿ ಮೊದಲು ಆವೃತ್ತಿಯನ್ನಷ್ಟೇ ಬದಲಿಸಿ, ರೀಸ್ಟಾರ್ಟ್ ಆದ ಮೇಲೆ ನೆಟ್‌ವರ್ಕ್ ಜೋಡಿಸಿ ಕೊಂಡ ಕೀ ಹಾಕಿ.

ವಾಲ್ಯೂಮ್: ಸಂಸ್ಥೆಗೆ ಕಟ್ಟಿದ್ದು

ಇದರಲ್ಲಿ ಮುಖ್ಯವಾಗಿ ಎರಡು ದಾರಿ. ಎಂಎಕೆ ಅಂದರೆ ಒಂದೇ ಕೀ, ಇಂತಿಷ್ಟು ಆ್ಯಕ್ಟಿವೇಶನ್ ಎಂಬ ಮಿತಿ. ಒಮ್ಮೆ ಮೈಕ್ರೋಸಾಫ್ಟ್ ಸರ್ವರ್ ಜೊತೆ ಮಾತಾಡಿದರೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ನೆಟ್‌ವರ್ಕ್ ಇಲ್ಲದಿದ್ದರೂ ತೊಂದರೆಯಿಲ್ಲ. ಮತ್ತೆಮತ್ತೆ ಫಾರ್ಮ್ಯಾಟ್ ಮಾಡುವ ಲ್ಯಾಬ್‌ಗೆ ಇದು ಸಲ್ಲದು, ಎಣಿಕೆ ಕರಗಿಹೋಗುತ್ತದೆ. ಕರಗಿದ ದಿನ ಕಾಣುವ ದೋಷ ‘0ಎಕ್ಸ್‌ಸಿ004ಸಿ020’.

ಕೆಎಂಎಸ್‌ನಲ್ಲಿ ಸಂಸ್ಥೆಯ ಒಳಗೇ ಒಂದು ಸರ್ವರ್ ಕೂತು ಉಳಿದ ಯಂತ್ರಗಳನ್ನು ಆ್ಯಕ್ಟಿವೇಟ್ ಮಾಡುತ್ತದೆ. 1688ನೇ ಟಿಸಿಪಿ ಪೋರ್ಟ್ ತೆರೆದಿರಬೇಕು. ಒಂದು ಸಲದ ಆ್ಯಕ್ಟಿವೇಶನ್ 180 ದಿನಕ್ಕೆ. ‘/ಡಿಎಲ್‌ಐ’ ಕಿಟಕಿಯಲ್ಲಿ 259200 ನಿಮಿಷ ಎಂದು ಕಾಣುತ್ತದೆ. ಕ್ಲೈಂಟ್ ಯಂತ್ರ ಏಳು ದಿನಕ್ಕೊಮ್ಮೆ ನವೀಕರಿಸಲು ನೋಡುತ್ತದೆ, ಯಶಸ್ವಿಯಾದರೆ ಎಣಿಕೆ ಮತ್ತೆ 180ರಿಂದ. ಆರು ತಿಂಗಳು ಕಚೇರಿಯ ನೆಟ್‌ವರ್ಕ್ ಮುಟ್ಟದ ಲ್ಯಾಪ್‌ಟಾಪ್ ಆ್ಯಕ್ಟಿವೇಶನ್ ಕಳೆದುಕೊಳ್ಳುತ್ತದೆ. ಹೊರಗೇ ಓಡಾಡುವವರ ಯಂತ್ರಕ್ಕೆ ಎಂಎಕೆ, ಕಚೇರಿಯಲ್ಲೇ ಇರುವವಕ್ಕೆ ಕೆಎಂಎಸ್ ಎಂದು ಹಂಚುವುದು ಇದೇ ಕಾರಣಕ್ಕೆ.

ಸಣ್ಣ ಸಂಸ್ಥೆಗಳು ಸಿಕ್ಕಿಬೀಳುವುದು 25ರ ಲೆಕ್ಕದಲ್ಲಿ. ಕನಿಷ್ಠ 25 ಡೆಸ್ಕ್‌ಟಾಪ್ ಯಂತ್ರ ಬಂದು ಕೇಳುವ ತನಕ ಕೆಎಂಎಸ್ ಯಾವ ಡೆಸ್ಕ್‌ಟಾಪನ್ನೂ ಆ್ಯಕ್ಟಿವೇಟ್ ಮಾಡುವುದಿಲ್ಲ (ವಿಂಡೋಸ್ ಸರ್ವರ್‌ಗಾದರೆ 5 ಸಾಕು). 24 ಇದ್ದರೆ 24ಕ್ಕೂ ‘0ಎಕ್ಸ್‌ಸಿ004ಎಫ್038’. ಕೆಲವೊಮ್ಮೆ 40 ಯಂತ್ರವಿದ್ದೂ ಎಣಿಕೆ ಒಂದರಲ್ಲೇ ನಿಂತಿರುತ್ತದೆ. ಸರ್ವರ್ ಎಣಿಸುವುದು ಯಂತ್ರವನ್ನಲ್ಲ, ಪ್ರತಿ ಇನ್‌ಸ್ಟಾಲೇಶನ್‌ಗೂ ಇರುವ ಕ್ಲೈಂಟ್ ಗುರುತನ್ನು. ಒಂದೇ ಡಿಸ್ಕ್ ಇಮೇಜನ್ನು (ಡಿಸ್ಕ್‌ನ ಯಥಾವತ್ ನಕಲು) ಸಿಸ್‌ಪ್ರೆಪ್ (ಯಂತ್ರದ ಗುರುತು ಅಳಿಸುವ ವಿಂಡೋಸ್ ಉಪಕರಣ) ಮಾಡದೆ 40 ಕಡೆ ನಕಲಿಸಿದರೆ 40ಕ್ಕೂ ಗುರುತು ಒಂದೇ. ಇಮೇಜ್ ತೆಗೆಯುವ ಮುನ್ನ ಸಿಸ್‌ಪ್ರೆಪ್‌ನಲ್ಲಿ ‘ಜನರಲೈಸ್’ ಕೊಡುವುದು ಸರಿಯಾದ ಕ್ರಮ. ಈಗಾಗಲೇ ನಕಲಾಗಿದ್ದರೆ ಪ್ರತಿ ಯಂತ್ರದಲ್ಲೂ ‘ಎಸ್‌ಎಲ್‌ಎಂಜಿಆರ್ /ರೀಆರ್ಮ್’ ಕೊಟ್ಟು ರೀಸ್ಟಾರ್ಟ್ ಮಾಡಿ.

ಖರೀದಿ ಮಾಡುವವರು ಮರೆಯುವ ಸಂಗತಿ ಇನ್ನೊಂದಿದೆ. ಡೆಸ್ಕ್‌ಟಾಪ್ ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಅಪ್‌ಗ್ರೇಡ್ ಮಾತ್ರ. ಅಡಿಯಲ್ಲಿ ಪ್ರೊ ದರ್ಜೆಯ ಲೈಸೆನ್ಸ್ ಇರಲೇಬೇಕು, ಹೋಮ್ ಸಾಲದು. ಕಡಿಮೆ ಬೆಲೆಗೆ ಹೋಮ್ ಲ್ಯಾಪ್‌ಟಾಪ್ ಕೊಂಡು ಮೇಲೆ ವಾಲ್ಯೂಮ್ ಕೀ ಹೊಡೆದರೆ ಆ್ಯಕ್ಟಿವೇಟ್ ಆಗುತ್ತದೆ, ಲೆಕ್ಕಪರಿಶೋಧನೆಯಲ್ಲಿ ನಿಲ್ಲುವುದಿಲ್ಲ. ಲಾಭವೂ ಇದೆ: ಒಂದೇ ಇಮೇಜನ್ನು ಎಲ್ಲ ಯಂತ್ರಕ್ಕೂ ಹಾಕುವ ಹಕ್ಕು ಸಿಗುವುದು ವಾಲ್ಯೂಮ್‌ನಲ್ಲಿ. ಓಇಎಂ ಲೈಸೆನ್ಸ್ ಆ ಹಕ್ಕು ಕೊಡುವುದಿಲ್ಲ.

ಉಳಿದವು, ಚುಟುಕಾಗಿ

ಎಂಟರ್‌ಪ್ರೈಸ್ (ಸಂಸ್ಥೆಗಳಿಗೆಂದಿರುವ ಆವೃತ್ತಿ) ಚಂದಾ ಯಂತ್ರಕ್ಕಲ್ಲ, ವ್ಯಕ್ತಿಗೆ ಕಟ್ಟಿದ್ದು: ಒಬ್ಬರು ಐದು ಯಂತ್ರದವರೆಗೆ ಬಳಸಬಹುದು, ಚಂದಾ ನಿಂತರೆ ಪ್ರೊಗೆ ಇಳಿಯುತ್ತದೆ. ಎಂಟರ್‌ಪ್ರೈಸ್‌ನ ಮೌಲ್ಯಮಾಪನ (ಟ್ರಯಲ್) ಪ್ರತಿಯ ಅವಧಿ 90 ದಿನ. ಅವಧಿ ಮುಗಿದ ಮೇಲೆ ಯಂತ್ರ ಗಂಟೆಗೊಮ್ಮೆ ತಾನೇ ಆಫ್ ಆಗುತ್ತದೆ, ಪೂರ್ಣ ಆವೃತ್ತಿಗೆ ಬದಲಿಸಲೂ ಆಗದು, ಹೊಸದಾಗಿಯೇ ಹಾಕಬೇಕು. ಕೆಲಸದ ಕಡತಗಳನ್ನು ಅದರಲ್ಲಿ ಇಡಲೇಬೇಡಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಎಲ್‌ಟಿಎಸ್‌ಸಿ (ಹೆಚ್ಚು ವರ್ಷ ಅಪ್‌ಡೇಟ್ ಸಿಗುವ ವಿಶೇಷ ಆವೃತ್ತಿ) ಹೆಸರು ಹೆಚ್ಚು ಕೇಳಿಬರುತ್ತಿದೆ. ಅದರಲ್ಲೂ ಎರಡಿವೆ. ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ ಅಪ್‌ಡೇಟ್ 2027ರ ಜನವರಿ 12ರವರೆಗೆ, ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021ಕ್ಕೆ 2032ರ ಜನವರಿ 13ರವರೆಗೆ. ಹೆಸರಿನಲ್ಲಿ ಒಂದು ಪದ ಹೆಚ್ಚು, ಆಯುಷ್ಯದಲ್ಲಿ ಐದು ವರ್ಷ ಹೆಚ್ಚು.

ಅಗ್ಗದ ಕೀ

ಜಾಲದಲ್ಲಿ ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಗುವ ಕೀಗಳು ಸಾಮಾನ್ಯವಾಗಿ ಮೂರು ಮೂಲದವು: ಯಾವುದೋ ಸಂಸ್ಥೆಯ ಎಂಎಕೆಯಲ್ಲಿ ಉಳಿದ ಎಣಿಕೆ, ಹಳೆಯ ಯಂತ್ರದಿಂದ ಎತ್ತಿದ ಓಇಎಂ ಕೀ, ಡೆವಲಪರ್ ಚಂದಾದ ಕೀ. ಕೊನೆಯದು ತಂತ್ರಾಂಶ ಅಭಿವೃದ್ಧಿ ಮತ್ತು ಪರೀಕ್ಷೆಗೆ ಮಾತ್ರ ಕೊಟ್ಟದ್ದು. ಆದರೆ ‘/ಡಿಎಲ್‌ಐ’ಯಲ್ಲಿ ‘ರೀಟೇಲ್’ ಎಂದೇ ಕಾಣುತ್ತದೆ, ಕೊಂಡವರು ನಂಬುತ್ತಾರೆ. ಮೂರೂ ಮೊದಲ ದಿನ ಆ್ಯಕ್ಟಿವೇಟ್ ಆಗುತ್ತವೆ. ಕೀ ತಡೆಹಿಡಿದ ಮೇಲೆ ಮತ್ತೆ ಹಾಕಲು ಹೋದರೆ ‘0ಎಕ್ಸ್‌ಸಿ004ಸಿ003’. ಆ್ಯಕ್ಟಿವೇಶನ್ ಎಂಬುದು ಸರ್ವರ್ ಹಾಕಿದ ಹಾಜರಿ ಅಷ್ಟೇ. ಹಕ್ಕು ಇರುವುದು ಖರೀದಿಯ ರಸೀದಿ ಮತ್ತು ಒಪ್ಪಂದದಲ್ಲಿ.

ಮನೆಯ ಒಂದು ಲ್ಯಾಪ್‌ಟಾಪ್‌ಗೆ ಜೊತೆಗೆ ಬಂದ ಓಇಎಂ ಧಾರಾಳ ಸಾಕು, ರೀಟೇಲ್ ಕೊಳ್ಳುವುದು ದುಂದು. ಎರಡು ಮೂರು ವರ್ಷಕ್ಕೊಮ್ಮೆ ಬೋರ್ಡ್ ಬದಲಿಸುವ, ಬಿಡಿಭಾಗ ಜೋಡಿಸಿ ಕಟ್ಟುವವರಿಗೆ ರೀಟೇಲ್ ಬಿಟ್ಟು ಬೇರೆ ಮಾತೇ ಬೇಡ. ಬಳಸಿದ ಕಂಪ್ಯೂಟರ್ ಕೊಳ್ಳುವವರು ಮಾರುವವರ ಎದುರೇ ‘ಎಸ್‌ಎಲ್‌ಎಂಜಿಆರ್ /ಎಕ್ಸ್‌ಪಿಆರ್’ ಹೊಡೆದು ನೋಡಲಿ. ‘ಶಾಶ್ವತವಾಗಿ ಆ್ಯಕ್ಟಿವೇಟ್ ಆಗಿದೆ’ ಎಂದು ಬಂದರೆ ‘/ಡಿಎಲ್‌ಐ’ಗೆ ಹೋಗಿ ಚಾನೆಲ್ ಎಂಎಕೆ ಅಲ್ಲವೆಂದು ಖಚಿತಪಡಿಸಿಕೊಳ್ಳಿ. ಮುಗಿಯುವ ದಿನಾಂಕ ಬಂದರೆ ಅದು ಬಹುತೇಕ ಕೆಎಂಎಸ್ ಯಂತ್ರ: ಯಾವುದೋ ಕಚೇರಿಯದ್ದು, ಇಲ್ಲವೇ ನಕಲಿ ಆ್ಯಕ್ಟಿವೇಟರ್ ಓಡುತ್ತಿರುವುದು. ಆ ಯಂತ್ರದ ಬೆಲೆಯಲ್ಲಿ ವಿಂಡೋಸ್ ಸೇರಿಲ್ಲ ಎಂದೇ ಲೆಕ್ಕ ಹಾಕಿ.