ಇಎನ್8 (ಗಟ್ಟಿ ಮಾಡಾಕ ಬರೋ ಸ್ಟೀಲ್) ರೇಟ್ ತಗೊಂಡು ಎಂಎಸ್ (ಸಾದಾ ಮೆತ್ತನ್ನ ಸ್ಟೀಲ್) ಶಾಫ್ಟ್ ಕೊಟ್ರು, ಮಟೀರಿಯಲ್ಲೂ ಶಾಪಿನವ್ರಿಗೇ ಬಿಟ್ಟು ಜಾಬ್ ಕೊಡೋರು ಓದ್ರಿ

ಸಿಟ್ಟಿನ್ಯಾಗ ಬರೀಲಿಕ್ಕತ್ತೀನಿ, ಹಿಂದ ಮುಂದ ಆದ್ರ ಸುಧಾರಿಸ್ಕೊಂಡು ಓದ್ರಿ.

ಕಬ್ಬಿನ ಗಾಣದ ಗೇರ್‌ಬಾಕ್ಸಿಗೆ ಶಾಫ್ಟ್ ಬೇಕಾಗಿದ್ವು, ಬೆಳಗಾವಿ ಉದ್ಯಮಬಾಗ ಇಂಡಸ್ಟ್ರಿಯಲ್ ಏರಿಯಾದಾಗ ಒಂದ್ ಸಿಎನ್‌ಸಿ (ಕಂಪ್ಯೂಟರ್ ಮಷೀನಿನ) ಶಾಪಿಗೆ ಆರ್ಡರ್ ಕೊಟ್ಟೆ. ಡ್ರಾಯಿಂಗ್‌ನ್ಯಾಗ ಇಎನ್8, ಕೋಟೇಶನ್‌ನ್ಯಾಗ ಇಎನ್8, ಬಿಲ್‌ನ್ಯಾಗೂ ಇಎನ್8. ಮಾಲ್ ಬಂದಾಗ ಮೈಕ್ರೋಮೀಟರ್ ಹಚ್ಚಿ ನೋಡಿದೆ, 60 ಎಂಎಂ ಬೇರಿಂಗ್ ಸೀಟ್ (ಬೇರಿಂಗ್ ಕೂಡೋ ಜಾಗ) ಕೆ6 ಅನ್ನೋ ಅಳತಿ ಗ್ರೇಡಿಗೆ ಕೇಳಿದ್ದೆ, ಅಂದ್ರ 60.002 ರಿಂದ 60.021 ಒಳಗ ಬರಬೇಕು, ಎಲ್ಲಾ ಬರೋಬ್ಬರಿ ಇತ್ತು, ಫಿನಿಶಿಂಗ್ ಅಂತೂ ಕನ್ನಡಿ ಇದ್ದಂಗ. ಬ್ಯಾಲೆನ್ಸ್ ರೊಕ್ಕ ಅವತ್ತ ಹಾಕಿದೆ.

ಇಂಡಕ್ಷನ್ ಹಾರ್ಡನಿಂಗಿಗೆ (ಕರೆಂಟಿಂದ ಕಾಸಿ, ತಣಿಸಿ ಮ್ಯಾಲಿನ ಪದರ ಗಟ್ಟಿ ಮಾಡೋದು) ಕಳಿಸಿದಾಗ ಬಣ್ಣ ಬಯಲಾತು. ಇಎನ್8ಗೆ 50ರ ಮ್ಯಾಲ ಎಚ್‌ಆರ್‌ಸಿ (ಗಟ್ಟಿತನದ ಅಳತಿ) ಆರಾಮ ಬರತೈತಿ. ಅಲ್ಲಿಯವ್ರು ಫೋನ್ ಮಾಡಿ "ಸರ, ಇದು ಗಟ್ಟಿನ ಆಗವಲ್ದು, ಬಂದು ನೋಡ್ರಿ" ಅಂದ್ರು. ಹಾರ್ಡನ್ ಆದ ಜಾಗಕ್ಕ ಅರ ಹಚ್ಚಿದ್ರ ಜಾರಬೇಕು, ಇದು ಕರ್ ಕರ್ ಅಂತ ಕಡೀತು, ಕೆಳಗ ಪುಡಿ ಬಿತ್ತು. ಗ್ರೈಂಡರಿಗೆ ಹಿಡದ್ರ ಬರೇ ಉದ್ದುದ್ದ ಕಿಡಿ, ತುದಿಗೆ ಒಡಿಯೋ ಚಿಕ್ಕಿ ಭಾಳ ಕಡಿಮಿ, ಕಾರ್ಬನ್ ಕಡಿಮಿ ಇದ್ದ ಗುರ್ತು ಅದು. ಎಂಎಸ್! ಇಎನ್8ನ್ಯಾಗ ಕಾರ್ಬನ್ 0.4 ಪರ್ಸೆಂಟ್ ಆಸುಪಾಸು ಇರತೈತಿ, ಎಂಎಸ್‌ನ್ಯಾಗ ಅದರ ಅರ್ಧ ಇದ್ರ ಹೆಚ್ಚು, ಅದು ಎಲ್ಲಿಂದ ಗಟ್ಟಿ ಆಗಬೇಕ್ರಿ?

ಶಾಪಿನವ್ರಿಗೆ ಫೋನ್ ಹಚ್ಚಿದೆ. ಮೊದಲ "ಹಾರ್ಡನಿಂಗ್‌ನವರು ಸರಿ ಕಾಸಿಲ್ಲ". ಆಮ್ಯಾಲ "ನಿಮಗ ಸೈಜ್ ಸಿಕ್ಕೈತಿಲ್ಲೋ, ಮತ್ತೇನು?" ಮತ್ತೇನಂತ! ಸೈಜ್‌ಗೆ ಅಷ್ಟ ರೊಕ್ಕ ಕೊಟ್ಟೀನೇನು ನಾನು? ಜಗ್ಗಿ ಕೇಳಿದ ಮ್ಯಾಲ "ಟಿಸಿ ವಾಟ್ಸಾಪಿಗೆ ಹಾಕೀನಿ ನೋಡ್ಕೋರಿ" ಅಂದ್ರು. ಟಿಸಿ ಅಂದ್ರ ಶಾಫ್ಟ್ ತೆಗಿಯೋ ಬಾರಿನ (ಕಚ್ಚಾ ಸರಳಿನ) ಟೆಸ್ಟ್ ಸರ್ಟಿಫಿಕೇಟ್. ತೆಗದು ನೋಡಿದ್ರ ಮೈ ಉರೀತು. 50 ಎಂಎಂ ಬಾರಿನ ಟಿಸಿ! ನನ್ನ ಶಾಫ್ಟಿನ ಸೀಟೇ 60 ಐತಿ, 50ರ ಬಾರಿನ್ಯಾಗ 60 ಯಾವ ಲೇಥ್ ತೆಗೀತೈತಿ? ಇಷ್ಟ ದಡ್ಡ ಅಂತ ತಿಳ್ಕೊಂಡಾರ ನನ್ನ. ಕೇಳಿದ್ಕ "ಆಫೀಸ್ ಹುಡುಗ ತಪ್ಪು ಕಾಗದ ಹಾಕ್ಯಾನ, ಸರಿದು ಕಳಸ್ತೀನಿ". ಆ ಸರಿ ಕಾಗದ ಇನ್ನೂ ಬಂದಿಲ್ಲ, ಈಗ ಫೋನೂ ಎತ್ತವಲ್ರು.

ಗಿರಾಕಿ ಮೂಡಲಗಿ ಕಡೆಯವ್ರು, ಗಾಣ ಚಾಲೂ ಮಾಡೋ ಟೈಮ್, ಅವರ ಮುಂದ ಮಾನ ಹೋತು. ಉದ್ಯಮಬಾಗದಾಗ ಮೈಕ್ರಾನ್ ಸಲುವಾಗಿ ರಾತ್ರಿ ಕುಂತು ಕೆಲಸ ಮಾಡೋ ಮಂದಿ ಭಾಳ ಅದಾರ, ಇಂಥವ್ರಿಂದ ಅವರ ಹೆಸರಿಗೂ ಮಸಿ.

ಬಾರ್ ನೀವ ಖರೀದಿ ಮಾಡಿ ಕೊಡ್ರಿ. ಆಗಲಿಲ್ಲಾ, ಕಟಿಂಗ್ ಆದಾಗ ಒಂದ್ ತುಂಡು ಇಸ್ಕೊಂಡು ಲ್ಯಾಬಿನ್ಯಾಗ ಸ್ಪೆಕ್ಟ್ರೋ (ಸ್ಟೀಲಿನ್ಯಾಗ ಕಾರ್ಬನ್ ಗೀರ್ಬನ್ ಎಷ್ಟೈತಿ ತೋರ್ಸೋ ಟೆಸ್ಟ್) ಮಾಡಿಸ್ರಿ, ಟಿಸಿಯಾಗಿನ ಸೈಜು, ಹೀಟ್ ನಂಬರು (ಸ್ಟೀಲ್ ಕರಗಿಸಿದ ಲಾಟಿನ ನಂಬರು) ಬಾರಿನ ಜೋಡಿ ಕೂಡ್ತಾವೇನು ನೋಡ್ರಿ. ತುಂಡು ಕೊಡಾಕ ಗೊಣಗಿದ್ರ ಡ್ರಾಯಿಂಗ್ ವಾಪಸ್ ತಗೊಂಡು ಬರ್ರಿ.